ಗುಡ್ಡಕ್ಕೆ ಬೆಂಕಿ ಬಿದ್ರೆ ಮೊದಲು ಕಾಣೋದು ಯಾರಿಗೆ? ಹುಡೇವು, ಕಾವಲು ಗೋಪುರ, ಸ್ಯಾಟಲೈಟ್: ಇಲ್ಲಿದೆ ಪೂರ್ತಿ ಮಾಹಿತಿ

ಸವದತ್ತಿ: ಸಂಕ್ರಾಂತಿ ಮುಗೀತಂದ್ರ ನಮ್ಮ ಕಡೆ ಗುಡ್ಡದ ಬಣ್ಣ ಬದಲಾಗತೈತಿ. ಮಳೆಗಾಲದಾಗ ಹಸಿರಿದ್ದ ಕರಡ ಹುಲ್ಲು ಒಣಗಿ ಬಂಗಾರದ ಬಣ್ಣಕ್ಕೆ ಬರ್ತದೆ. ನೋಡಾಕ ಚೆಂದ. ಆದ್ರ ಅಲ್ಲಿಂದ ಮುಂದೆ ಮೊದಲ ಅಡ್ಡಮಳೆ ಬೀಳೋವರೆಗೆ ಒಂದು ಬೀಡಿ ತುಂಡು ಸಾಕು, ಇಡೀ ಗುಡ್ಡ ಕರ್ರಗಾಗಾಕ. ಜನವರಿಯಿಂದ ಏಪ್ರಿಲ್‌ವರೆಗೆ ಬಣವಿಗೆ ಬೆಂಕಿ, ಕಬ್ಬಿಗೆ ಬೆಂಕಿ, ಗುಡ್ಡಕ್ಕೆ ಬೆಂಕಿ ಅನ್ನೋ ಸುದ್ದಿ ನಮ್ಮ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಭಾಗದ ಓದುಗರಿಗೆ ಹೊಸದೇನಲ್ಲ.

ಬಣವಿ ಸುಟ್ಟರೆ ಮಾಲೀಕ ಇರ್ತಾನ, ಓಡಿ ಬರ್ತಾನ, ಅಗ್ನಿಶಾಮಕದವರಿಗೆ ಫೋನ್ ಹೋಗ್ತದ. ಗುಡ್ಡ ಸುಟ್ಟರೆ? ಬಹಳ ಸಲ ರಾತ್ರಿ ಊರ ಮಂದಿ ಮಾಳಿಗಿ ಮ್ಯಾಲೆ ನಿಂತು ದೂರದಾಗ ಕೆಂಪು ಗೆರೆ ನೋಡಿ, ಮೊಬೈಲ್‌ನಾಗ ವಿಡಿಯೋ ಮಾಡಿ ಸ್ಟೇಟಸ್ ಹಾಕ್ತಾರ. ಅಷ್ಟೊತ್ತಿಗೆ ಬೆಂಕಿ ಹತ್ತಿ ನಾಲ್ಕೈದು ತಾಸು ಆಗಿರ್ತದ.

ಈ ನಾಲ್ಕೈದು ತಾಸು ಉಳಿಸೋ ಸಲುವಾಗಿನೇ ಜಗತ್ತಿನ ಬೇರೆ ಬೇರೆ ಕಡೆ ಗುಡ್ಡದ ತುದಿಗೆ ಗೋಪುರ ಕಟ್ಟಿ, ಅದರೊಳಗ ಒಬ್ಬ ಮನುಷ್ಯನ್ನ ಕೂರಿಸಿ, ದಿನಪೂರ್ತಿ ಹೊಗೆ ಹುಡುಕು ಅಂತ ಹೇಳಿದ್ರು. ಇದಕ್ಕೆ ಬೆಂಕಿ ಕಾವಲು ಗೋಪುರ ಅಂತಾರೆ, ನಮ್ಮ ಅರಣ್ಯ ಇಲಾಖೆಯವರ ಬಾಯಾಗ ವಾಚ್ ಟವರ್. ಅದು ಹೆಂಗ ಕೆಲಸ ಮಾಡ್ತದ, ನಮ್ಮ ಕಡೆ ಅಂಥಾದ್ದು ಏನಿತ್ತು, ಸ್ಯಾಟಲೈಟ್ ಇರೋ ಈ ಕಾಲದಾಗ ಅದರ ಕೆಲಸ ಮುಗೀತೋ ಇಲ್ಲೋ ಅನ್ನೋದನ್ನ ಇಲ್ಲಿ ಹೇಳ್ತೀವಿ.

ಎತ್ತರ ಇದ್ದಷ್ಟು ದೂರ ಕಾಣ್ತದ, ಎಷ್ಟು ದೂರ?

ಇದಕ್ಕೊಂದು ಸರಳ ಲೆಕ್ಕ ಐತಿ. ನೀವು ನಿಂತ ಎತ್ತರವನ್ನ ಮೀಟರ್‌ನಾಗ ತಗೊಂಡು ಅದರ ವರ್ಗಮೂಲಕ್ಕೆ 3.57ರಿಂದ ಗುಣಿಸಿದ್ರ, ಭೂಮಿಯ ದುಂಡಗಿನ ಅಂಚು ಎಷ್ಟು ಕಿಲೋಮೀಟರ್ ದೂರಕ್ಕೆ ಕಾಣ್ತದ ಅನ್ನೋದು ಸಿಗ್ತದ. 10 ಮೀಟರ್ ಎತ್ತರದ ಗೋಪುರದ ಮೇಲಿಂದ ಸುಮಾರು 11 ಕಿಲೋಮೀಟರ್. ಅದೇ ಸುತ್ತಲಿನ ಬಯಲಿಗಿಂತ 100 ಮೀಟರ್ ಎತ್ತರದ ಗುಡ್ಡದ ಮೇಲೆ ನಿಂತ್ರ ಸುಮಾರು 36 ಕಿಲೋಮೀಟರ್. ಇದು ನಡುವೆ ಯಾವ ಗುಡ್ಡಾನೂ ಅಡ್ಡ ಇಲ್ಲದ ಸಪಾಟು ನೆಲದ ಲೆಕ್ಕ. ಜೊತೆಗೆ ಹೊಗೆ ಮೇಲಕ್ಕೆ ಏಳ್ತದ, ಹಾಗಾಗಿ ಅಂಚಿನ ಆಚೆಗಿನ ಹೊಗೇನೂ ಕಾಣಬಹುದು. ಗೋಪುರವನ್ನ ಗುಡ್ಡದ ನೆತ್ತಿ ಮೇಲೇ ಯಾಕ ಕಟ್ತಾರ ಅನ್ನೋದಕ್ಕೆ ಇದೇ ಕಾರಣ. ಗುಡ್ಡ ಪುಕ್ಕಟೆ ಎತ್ತರ ಕೊಡ್ತದ.

ಹೊಗೆ ಕಂಡರೆ ಅರ್ಧ ಕೆಲಸ ಆದಂಗ. ಇನ್ನರ್ಧ, ಅದು ಎಲ್ಲಿ ಅಂತ ಹೇಳೋದು. ಗುಡ್ಡದ ಮೇಲಿಂದ ನೋಡಿದ್ರ "ಅಲ್ಲೇ ಆ ಕಡೀಗೆ" ಅನ್ನಬಹುದು, ಆದ್ರ ಆ ಕಡೀಗೆ ಅಂದ್ರ 5 ಕಿಲೋಮೀಟರೋ 15 ಕಿಲೋಮೀಟರೋ ಅನ್ನೋದು ಕಣ್ಣಿಗೆ ತಿಳಿಯಂಗಿಲ್ಲ. ಅದಕ್ಕೆ ಎರಡು ಗೋಪುರ ಬೇಕು. ಉದಾಹರಣೆಗೆ, ಒಂದು ಗುಡ್ಡದ ಮೇಲಿನ ಕಾವಲುಗಾರನಿಗೆ ಹೊಗೆ ಉತ್ತರದಿಂದ ಬಲಕ್ಕೆ 40 ಡಿಗ್ರಿಯಾಗ ಕಾಣ್ತು ಅಂತ ತಿಳ್ಕೊಳ್ರಿ. ಅವನ ಪೂರ್ವಕ್ಕಿರೋ ಇನ್ನೊಂದು ಗುಡ್ಡದವನಿಗೆ ಅದೇ ಹೊಗೆ 310 ಡಿಗ್ರಿಯಾಗ ಕಾಣ್ತು. ಆಫೀಸಿನ್ಯಾಗ ಗೋಡೆ ಮೇಲಿನ ನಕಾಶೆದಾಗ ಎರಡೂ ಗುಡ್ಡಕ್ಕೆ ಒಂದೊಂದು ಮೊಳೆ, ಮೊಳೆಗೆ ಒಂದೊಂದು ದಾರ. ದಾರ ಎರಡನ್ನೂ ಆ ಡಿಗ್ರಿಗೆ ಎಳೆದ್ರ ಎಲ್ಲಿ ಒಂದನ್ನೊಂದು ದಾಟ್ತಾವೋ ಅಲ್ಲೇ ಬೆಂಕಿ. ಶಾಲೆಯಾಗ ತ್ರಿಕೋನ ಓದಿ ಏನು ಉಪಯೋಗ ಅಂತ ಕೇಳೋರಿಗೆ ಇದೊಂದು ಉತ್ತರ. ಆದ್ರ ಓದೋದ್ರಾಗ ಒಂದು ಡಿಗ್ರಿ ತಪ್ಪಿದ್ರ 20 ಕಿಲೋಮೀಟರ್ ದೂರದಾಗ ಸುಮಾರು 350 ಮೀಟರ್ ಆಚೀಚೆ ಆಗ್ತದ. ಕೊಳ್ಳ ಒಂದು ತಪ್ಪಿತಂದ್ರ ಬೆಂಕಿ ಆರಿಸಾಕ ಹೋದವರು ಗುಡ್ಡದ ಇನ್ನೊಂದು ಮಗ್ಗಲಿಗೆ ಹೋಗಿ ನಿಂತಿರ್ತಾರ.

ಅಮೆರಿಕದಾಗ ಈ ಕೆಲಸಕ್ಕಂತಲೇ 1911ರ ಸುಮಾರಿಗೆ ಓಸ್ಬೋರ್ನ್ ಅನ್ನೋ ಅರಣ್ಯ ಅಧಿಕಾರಿ ಒಂದು ಉಪಕರಣ ಮಾಡಿದ. ಗುಂಡನ್ನ ಮೇಜಿನ ಮೇಲೆ ಆ ಭಾಗದ ನಕಾಶೆ, ಸುತ್ತಲೂ ಡಿಗ್ರಿ ಗುರುತು ಮಾಡಿದ ತಿರುಗೋ ಬಳೆ. ಬಳೆಯ ಒಂದು ಕಡೆ ಕಣ್ಣಿಡೋ ಸೀಳು, ಎದುರಿಗೆ ನಿಲುವಾಗಿ ಬಿಗಿದ ಕುದುರೆ ಕೂದಲು. ಕೂದಲು ಹೊಗೆಯ ಬುಡಕ್ಕೆ ಸರಿಯಾಗಿ ಬರೋಹಂಗ ಬಳೆ ತಿರುಗಿಸಿದ್ರ ಡಿಗ್ರಿ ಸಿಗ್ತದ. ಕರೆಂಟ್ ಬೇಡ, ಬ್ಯಾಟರಿ ಬೇಡ. ನೂರು ವರ್ಷ ದಾಟಿದ್ರೂ ಜನ ಕೂತಿರೋ ಗೋಪುರಗಳೊಳಗ ಇದು ಇವತ್ತಿಗೂ ಬಳಕೆಯಲ್ಲಿದೆ.

ನಮ್ಮ ಕಡೆ ಕಾವಲು ಇತ್ತು, ಬೆಂಕಿಗೆ ಅಲ್ಲ

ನಮ್ಮ ನಾಲ್ಕೂ ತಾಲ್ಲೂಕಿನ್ಯಾಗ ಎತ್ತರದ ಮೇಲೆ ನಿಂತು ದೂರ ನೋಡೋ ರೂಢಿ ಬಹಳ ಹಳೇದು. ಕಿತ್ತೂರು ಕೋಟೆ ನೋಡಾಕ ಬರೋರು ಅರಮನೆ, ಧ್ರುವ ನಕ್ಷತ್ರ ನೋಡೋ ಕಿಂಡಿ, ಮ್ಯೂಸಿಯಂ ನೋಡಿ ಹೋಗ್ತಾರ. ಊರ ಹತ್ರದ ಗಡಾದ ಮರಡಿ ಮೇಲೆ ಒಂದು ಕಾವಲು ಬುರುಜು ಐತಿ, ಅಲ್ಲಿಗೆ ಹೋಗೋರು ಕಡಿಮೆ. 1824ರ ಅಕ್ಟೋಬರ್ 23ರಂದು ಥ್ಯಾಕರೆ ಸತ್ತ ಯುದ್ಧದ ಕಥೆ ನಮ್ಮ ಭಾಗದ ಸಣ್ಣ ಹುಡುಗರಿಗೂ ಗೊತ್ತು. ಧಾರವಾಡ ಕಡೆಯಿಂದ ದಂಡು ಬಂದ್ರ ಮೊದಲು ಏಳೋದು ಧೂಳು. ಅದನ್ನ ಕೋಟೆ ಒಳಗ ನಿಂತವನಿಗಿಂತ ಮರಡಿ ಮೇಲೆ ನಿಂತವ ಮೊದಲು ನೋಡ್ತಾನ. ಅಷ್ಟು ಸರಳ ಲೆಕ್ಕದ ಮೇಲೆ ಕಟ್ಟಿದ್ದು ಅದು.

ಸವದತ್ತಿಯಾಗ ಊರ ನಡುವಿನ ಕೋಟೆ ಒಂದಾದ್ರ, ಪಕ್ಕದ ಗುಡ್ಡದ ಮೇಲಿನ ಪರಸಗಡ ಇನ್ನೊಂದು. ಪರಸಗಡದ ಹೆಸರು ಎಷ್ಟು ದೊಡ್ಡದಿತ್ತಂದ್ರ ಬ್ರಿಟಿಷರ ಕಾಲದಾಗ ಇಡೀ ತಾಲ್ಲೂಕಿಗೆ ಪರಸಗಡ ತಾಲ್ಲೂಕು ಅಂತಿದ್ರು. ಈಗಲೂ ಹಳೇ ಕಾಗದಪತ್ರದಾಗ ಆ ಹೆಸರು ಸಿಗ್ತದ. ಆ ಗುಡ್ಡ ಹತ್ತಿದವರಿಗೆ ಯಾಕ ಅಲ್ಲೇ ಕೋಟೆ ಕಟ್ಟಿದ್ರು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ರಾಮದುರ್ಗದ ಹೆಸರಿನ್ಯಾಗೇ ದುರ್ಗ ಐತಿ.

ಕೋಟೆ ಅಂದ್ರ ರಾಜರದ್ದಾತು. ಸಾಮಾನ್ಯ ಹಳ್ಳಿಗೆ ಇದ್ದದ್ದು ಹುಡೇವು. ಕೆಲವರು ಹುಡೇ ಅಂತಾರ. ಮಣ್ಣು, ಕಲ್ಲಿನಿಂದ ಗುಂಡಗೆ ಕಟ್ಟಿದ ಎತ್ತರದ ಬುರುಜು, ಬಂದೂಕಿನ ನಳಿಕೆ ಹೊರಗ ಹಾಕಾಕ ಸಣ್ಣ ಕಿಂಡಿ. ಪಿಂಡಾರಿಗಳು, ದರೋಡೆಕೋರರು ಕುದುರೆ ಮೇಲೆ ಬರ್ತಿದ್ದ ಕಾಲದಾಗ ಊರ ತಳವಾರರು, ಕಾವಲಿನವರು ಅದರ ಮೇಲೆ ಪಾಳಿ ಮಾಡ್ತಿದ್ರು. ಬೆಳಗಾವಿ, ಧಾರವಾಡ, ಗದಗ, ಬಾಗಲಕೋಟೆ ಜಿಲ್ಲೆಯ ಎಷ್ಟೋ ಊರಾಗ ಹುಡೇದ ಓಣಿ ಅಂತ ಇವತ್ತಿಗೂ ಕರೀತಾರ. ಹುಡೇವು ಬಿದ್ದು ಮಣ್ಣಾಗಿ ಅದರ ಮೇಲೆ ಮನಿ ಎದ್ದಿದ್ರೂ ಓಣಿಗೆ ಹೆಸರು ಉಳದೈತಿ. ಈ ಜಾತಿಯ ಕಾವಲು ಬುರುಜಿನ ದೊಡ್ಡಣ್ಣನ್ನ ನೋಡಬೇಕಂದ್ರ ವಿಜಯಪುರಕ್ಕೆ ಹೋಗ್ರಿ. 1584ರಲ್ಲಿ ಹೈದರ್ ಖಾನ್ ಕಟ್ಟಿಸಿದ ಉಪಲಿ ಬುರುಜು ಸುಮಾರು 80 ಅಡಿ ಎತ್ತರ ಐತಿ, ಮೇಲೆ ತೋಪುಗಳು ಇನ್ನೂ ಅದಾವ.

ಹೊಲದ ಅಟ್ಟಾನೂ ಇದೇ ಬಳಗದ್ದು. ಜೋಳ ಹಾಲು ತುಂಬೋ ಹೊತ್ತಿನ್ಯಾಗ ನಾಲ್ಕು ಕಂಬದ ಮೇಲೆ ಅಟ್ಟ ಕಟ್ಟಿ, ಕೈಯಾಗ ಕವಣಿ ಹಿಡ್ಕೊಂಡು ಹಕ್ಕಿ ಹೊಡ್ಯೋದು. ನಮ್ಮ ತಲೆಮಾರಿನವರು ಅದನ್ನ ಫೋಟೋದಾಗ ನೋಡಿದ್ದೇ ಹೆಚ್ಚು.

ಇಷ್ಟೆಲ್ಲ ಇದ್ರೂ ಗುಡ್ಡದ ಬೆಂಕಿ ನೋಡಾಕಂತಲೇ ಕೋಟೆ, ಹುಡೇವು ಕಟ್ಟಿದ್ದು ಇಲ್ಲಿ ಕಾಣಂಗಿಲ್ಲ. ಕಾರಣ ಊಹೆ ಮಾಡೋದು ಕಷ್ಟ ಅಲ್ಲ. ಕಳ್ಳ ಬಂದ್ರ ನಷ್ಟ ನನಗೆ. ಗುಡ್ಡ ಸುಟ್ಟರೆ ನಷ್ಟ ಎಲ್ಲರಿಗೂ, ಅಂದ್ರ ಯಾರಿಗೂ ಇಲ್ಲ. ಜೊತೆಗೆ ಹಳೇ ಕಾಲದಾಗ ದನಗಾಹಿಗಳೇ ಒಣ ಕರಡಕ್ಕೆ ಬೆಂಕಿ ಇಡ್ತಿದ್ರು. ಸುಟ್ಟ ಜಾಗದಾಗ ಮಳೆ ಬಿದ್ದ ಕೂಡಲೇ ಮೆತ್ತನ್ನ ಹಸಿ ಚಿಗುರು ಬರ್ತದ, ದನ ಬಾಯಿ ಹಾಕ್ತಾವ. ಇದು ತಿಳಿಗೇಡಿತನ ಅಂತ ಒಂದೇ ಮಾತಿನ್ಯಾಗ ತಳ್ಳಿಹಾಕೋದು ಸರಿ ಅಲ್ಲ. ಗುಡ್ಡ ದೊಡ್ಡದಿದ್ದು ದನ ಕಡಿಮೆ ಇದ್ದಾಗ ನಡೀತಿತ್ತು, ಈಗ ಲೆಕ್ಕ ಬೇರೆ.

ಬ್ರಿಟಿಷರು ತಂದ ಬೆಂಕಿ ರೇಖೆ, ಅಮೆರಿಕದವರ ಗೋಪುರ

ಕಾಡಿನ ಬೆಂಕಿ ಅನ್ನೋದು ಸರ್ಕಾರದ ಕೆಲಸ ಆಗಿದ್ದು 1860ರ ದಶಕದಾಗ. 1864ರಲ್ಲಿ ಬ್ರಾಂಡಿಸ್ ಕೈಕೆಳಗ ಭಾರತದ ಅರಣ್ಯ ಇಲಾಖೆ ಶುರುವಾತು. ಅದೇ ಹೊತ್ತಿಗೆ ಮಧ್ಯಪ್ರಾಂತದ ಬೋರಿ ಕಾಡಿನ್ಯಾಗ ಪಿಯರ್ಸನ್ ಅನ್ನೋ ಅಧಿಕಾರಿ, ಬೆಂಕಿ ಬೀಳೋದಕ್ಕೆ ಮೊದಲೇ ಪಟ್ಟಿ ಪಟ್ಟಿಯಾಗಿ ಹುಲ್ಲು ಸವರಿ, ಸುಟ್ಟು ಖಾಲಿ ಜಾಗ ಬಿಡೋ ಪದ್ಧತಿ ಮಾಡಿ ಗೆದ್ದ. ಅದೇ ಇವತ್ತಿಗೂ ನಮ್ಮ ಇಲಾಖೆ ಚಳಿಗಾಲದಾಗ ಮಾಡೋ ಬೆಂಕಿ ರೇಖೆ. ಓಡಿ ಬಂದ ಬೆಂಕಿಗೆ ಅಲ್ಲಿ ತಿನ್ನಾಕ ಏನೂ ಸಿಗಂಗಿಲ್ಲ, ನಿಲ್ತದ. ಸಾಗವಾನಿ ಉಳೀಬೇಕು ಅನ್ನೋದು ಅವರ ಮುಖ್ಯ ಚಿಂತೆ, ಹುಲ್ಲಿನ ಚಿಂತೆ ಅಲ್ಲ.

ಗೋಪುರದ ಹುಚ್ಚು ಹಿಡಿದಿದ್ದು ಅಮೆರಿಕಕ್ಕೆ. 1910ರ ಆಗಸ್ಟ್‌ನಾಗ ಅಲ್ಲಿನ ಇಡಾಹೊ, ಮೊಂಟಾನಾ ಗುಡ್ಡಗಾಡಿನ್ಯಾಗ ಎರಡೇ ದಿನದಾಗ ಸುಮಾರು 30 ಲಕ್ಷ ಎಕರೆ ಸುಟ್ಟು, 80ಕ್ಕೂ ಹೆಚ್ಚು ಮಂದಿ ಸತ್ತರು. ಬಹುಪಾಲು ಜನ ಬೆಂಕಿ ಆರಿಸಾಕ ಹೋದವರೇ. ಅದಾದ ಮೇಲೆ ಸಿಕ್ಕ ಸಿಕ್ಕ ಶಿಖರದ ಮೇಲೆ ಗೋಪುರ ಎದ್ದವು. 1930ರ ದಶಕದ ಆರ್ಥಿಕ ಕುಸಿತದಾಗ ಕೆಲಸ ಇಲ್ಲದ ಯುವಕರಿಗೆ ಸರ್ಕಾರ ಕೆಲಸ ಕೊಡೋ ಯೋಜನೆ ಮಾಡ್ತು, ನಮ್ಮ ಉದ್ಯೋಗ ಖಾತ್ರಿ ಇದ್ದಂಗ ಅನ್ನಬಹುದು. ಆ ಹುಡುಗರೇ ನೂರಾರು ಗೋಪುರ ಕಟ್ಟಿದ್ರು. ಒಟ್ಟು ಸಾವಿರಗಟ್ಟಲೆ ಇದ್ದವು.

ಒಳಗಿನ ಬದುಕು ಹೆಂಗಿತ್ತು? ಸುಮಾರು 14 ಅಡಿ ಉದ್ದ, 14 ಅಡಿ ಅಗಲದ ಕೋಣೆ, ನಾಲ್ಕೂ ಕಡೆ ಗಾಜಿನ ಕಿಟಕಿ, ನಡುವೆ ಆ ಗುಂಡು ಮೇಜು. ಗುಡ್ಡದ ತುದಿಗೆ ಸಿಡಿಲು ಹೆಚ್ಚು. ಅದಕ್ಕೆ ಕಾಲಿಗೆ ಗಾಜಿನ ತುಂಡು ಹಾಕಿದ ಸಣ್ಣ ಸ್ಟೂಲ್ ಇರ್ತಿತ್ತು. ಸಿಡಿಲು ಹೊಡೆಯೋ ಹೊತ್ತಿಗೆ ಕಾವಲುಗಾರ ಅದರ ಮೇಲೆ ನಿಂತು ಹೊಗೆ ನೋಡಬೇಕು. ಸಿಡಿಲಿಗೆ ಹೆದರಿ ಕೆಳಗ ಇಳಿಯೋ ಹಂಗಿಲ್ಲ, ಯಾಕಂದ್ರ ಸಿಡಿಲಿನಿಂದಲೇ ಬೆಂಕಿ ಹತ್ತೋದು. 1913ರಲ್ಲಿ ಕ್ಯಾಲಿಫೋರ್ನಿಯಾದ ಹ್ಯಾಲಿ ಡ್ಯಾಗೆಟ್ ಅನ್ನೋ ಹೆಣ್ಣುಮಗಳು ಈ ಕೆಲಸಕ್ಕೆ ಅರ್ಜಿ ಹಾಕಿದಾಗ ಹೆಂಗಸು ಒಬ್ಬಾಕಿ ಇರ್ತಾಳೇನು ಅಂತ ಅನುಮಾನಪಟ್ಟವರಿದ್ದರು. ಆಕಿ 14 ವರ್ಷ ಆ ಕೆಲಸ ಮಾಡಿದ್ಲು. ಆಕಿ ತಂಗಿ ವಾರಕ್ಕೊಮ್ಮೆ ಕುದುರೆ ಮೇಲೆ ಸಾಮಾನು ತಂದು ಕೊಡ್ತಿದ್ಲು.

ಆಸ್ಟ್ರೇಲಿಯಾದವರು ಇನ್ನೂ ಜಾಣರು, ಅಥವಾ ಇನ್ನೂ ಹುಚ್ಚರು. ಅಲ್ಲಿ ಗುಡ್ಡಕ್ಕಿಂತ ಗಿಡಾನೇ ಎತ್ತರ. 1947ರಲ್ಲಿ ಪೆಂಬರ್ಟನ್ ಅನ್ನೋ ಊರ ಹತ್ರ 50 ಮೀಟರ್ ದಾಟಿದ ಒಂದು ಕ್ಯಾರಿ ಮರಕ್ಕೆ ಗೂಟ ಹೊಡೆದು, ತುದಿಗೆ ಅಟ್ಟ ಕಟ್ಟಿ ಬೆಂಕಿ ಕಾದರು. ನಮ್ಮ ಹೊಲದ ಅಟ್ಟದ ಅಣ್ಣ!

ಆಮೇಲೆ ವಿಮಾನ ಬಂತು, ರಸ್ತೆ ಬಂತು, ಮೊಬೈಲ್ ಬಂತು. ಗೋಪುರ ಒಂದೊಂದಾಗಿ ಮುಚ್ಚಿದವು. ಈಗ ಕ್ಯಾಲಿಫೋರ್ನಿಯಾದಾಗ ಸಾವಿರಕ್ಕೂ ಹೆಚ್ಚು ಕ್ಯಾಮೆರಾ ಗುಡ್ಡದ ಮೇಲಿಂದ ಹೊಗೆ ಹುಡುಕ್ತಾವ. ಆದ್ರೂ ಪೂರ್ತಿ ಹೋಗಿಲ್ಲ. ಕೆಲವು ನೂರು ಗೋಪುರದಾಗ ಬೇಸಿಗೆಗೆ ಮನುಷ್ಯರು ಕೂರ್ತಾರ.

ಕರ್ನಾಟಕದಾಗ ಬೆಂಕಿ ಕಾಯೋದು ಯಾರು?

ನಮ್ಮ ರಾಜ್ಯದಾಗ ಬೆಂಕಿ ಕಾವಲಿನ ಮುಖ್ಯ ಕೆಲಸ ಕಬ್ಬಿಣದ ಟವರ್‌ಗಿಂತ ಮನುಷ್ಯರ ಕಾಲಿನ ಮೇಲೆ ನಿಂತೈತಿ. ಪ್ರತಿ ಬೇಸಿಗೆಗೆ ಇಲಾಖೆ ಕಾಡಂಚಿನ ಹಳ್ಳಿಯವರನ್ನೇ ದಿನಗೂಲಿ ಮೇಲೆ ತಗೊಳ್ತದ. ಇವರಿಗೆ ಬೆಂಕಿ ಕಾವಲುಗಾರರು, ಆಫೀಸ್ ಭಾಷೆದಾಗ ಫೈರ್ ವಾಚರ್ ಅಂತಾರ. ಮಳೆ ಬಂತಂದ್ರ ಕೆಲಸ ಮುಗೀತು. ಬಂಡೀಪುರ, ನಾಗರಹೊಳೆಯಂಥ ಕಡೆ ಕಳ್ಳಬೇಟೆ ತಡೆ ಶಿಬಿರದವರೂ, ವಾಚ್ ಟವರ್‌ದಾಗ ಇರೋರೂ ಬೇಸಿಗೆಗೆ ಹೊಗೆ ನೋಡ್ತಾರ.

ಅಲ್ಲೂ ಬೆಂಕಿ ಗೆದ್ದದ್ದುಂಟು. 2019ರ ಫೆಬ್ರುವರಿ ಕೊನೇ ವಾರ ಬಂಡೀಪುರದಾಗ ಹತ್ತು ಸಾವಿರ ಎಕರೆಗೂ ಹೆಚ್ಚು ಸುಟ್ಟಿತು. 1,454 ಮೀಟರ್ ಎತ್ತರದ ಗೋಪಾಲಸ್ವಾಮಿ ಬೆಟ್ಟದ ಸುತ್ತಮುತ್ತಲೂ ಬೆಂಕಿ. ವಾಯುಪಡೆಯ ಹೆಲಿಕಾಪ್ಟರ್ ಬಂದು ಬಕೆಟ್‌ನಾಗ ನೀರು ಸುರಿಯಬೇಕಾತು. ಅಷ್ಟು ಎತ್ತರದ ಬೆಟ್ಟ ಇದ್ದೂ, ಕಾವಲಿದ್ದೂ ಹಿಂಗಾತು. ಲಂಟಾನ ಒಣಗಿ ನಿಂತಿತ್ತು, ಗಾಳಿ ಜೋರಿತ್ತು. ಬೆಂಕಿ ಏರು ಹತ್ತೋವಾಗ ಪ್ರತಿ 10 ಡಿಗ್ರಿ ಇಳಿಜಾರಿಗೆ ಅದರ ಓಟ ಹೆಚ್ಚುಕಡಿಮೆ ಎರಡರಷ್ಟಾಗ್ತದ ಅಂತ ಬೆಂಕಿ ಅಭ್ಯಾಸ ಮಾಡಿದವರ ಲೆಕ್ಕ. ಹೊಗೆ ಕಂಡ ಮೇಲೆ ಅಲ್ಲಿಗೆ ಓಡಿ ಮುಟ್ಟೋ ಮಂದಿ ಇರಲಿಲ್ಲಂದ್ರ ಗೋಪುರದಿಂದ ಏನೂ ಆಗಂಗಿಲ್ಲ ಅನ್ನೋದನ್ನೂ ಇಲ್ಲಿ ಹೇಳಬೇಕು.

ಓಡಿ ಮುಟ್ಟಿದವರ ಗತಿ? 2017ರ ಫೆಬ್ರುವರಿಯಾಗ ಅದೇ ಬಂಡೀಪುರದ ಕಲ್ಕೆರೆ ವಲಯದಾಗ ಬೆಂಕಿ ಆರಿಸಾಕ ಹೋದ ಒಬ್ಬ ಫಾರೆಸ್ಟ್ ಗಾರ್ಡ್ ಸುಟ್ಟು ಸತ್ತರು. 2023ರ ಫೆಬ್ರುವರಿಯಾಗ ಸಕಲೇಶಪುರದ ಕಾಡುಮನೆ ಕಡೆ ಇನ್ನೊಬ್ಬರು. ಇವರ ಕೈಯಾಗ ಇರೋ ಮುಖ್ಯ ಆಯುಧ ಹಸಿ ಟೊಂಗೆ, ಈಚೆಗೆ ಎಲೆ ಊದೋ ಯಂತ್ರ. ಬೆಂಕಿ ಸಣ್ಣದಿದ್ದಾಗ ಟೊಂಗೆಯಿಂದ ಬಡಿದು ಆರಿಸಬಹುದು. ತಲೆ ಮಟ್ಟಕ್ಕೆ ಬಂತಂದ್ರ ಹತ್ರ ಹೋಗೋದೇ ಸಾವು. ಕಾವಲು ಬೇಗ ಕಂಡಷ್ಟು ಗುಡ್ಡ ಉಳೀತದ ಅನ್ನೋದು ಒಂದು ಮಾತು, ಆರಿಸಾಕ ಹೋದವ ಮನಿಗೆ ಬರ್ತಾನ ಅನ್ನೋದು ಇನ್ನೊಂದು.

ಸ್ಯಾಟಲೈಟ್ ಐತಲ್ಲ, ಮತ್ಯಾಕ ಗೋಪುರ?

ಬಹಳ ಮಂದಿ ಕೇಳೋ ಪ್ರಶ್ನೆ ಇದು. ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆ 2004ರಿಂದ ಸ್ಯಾಟಲೈಟ್ ನೋಡಿ ಕಾಡಿನ ಬೆಂಕಿಯ ಮಾಹಿತಿ ಕೊಡ್ತಾ ಬಂದೈತಿ. ಮೊದಲಿನ ಮೋಡಿಸ್ ಉಪಕರಣ 1 ಕಿಲೋಮೀಟರ್ ಚೌಕವನ್ನ ಒಂದು ಚುಕ್ಕಿಯಾಗಿ ನೋಡ್ತಿತ್ತು. ಆಮೇಲೆ ಬಂದ ವಿಐಐಆರ್‌ಎಸ್ 375 ಮೀಟರ್ ಚೌಕ ನೋಡ್ತದ. ಬೆಂಕಿ ಕಂಡ್ರ ಆ ವಲಯದ ಅಧಿಕಾರಿ ಮೊಬೈಲ್‌ಗೆ ಮೆಸೇಜ್ ಹೋಗ್ತದ. ಸಾಮಾನ್ಯ ಜನರೂ ಸಂಸ್ಥೆಯ ವೆಬ್‌ಸೈಟ್‌ನಾಗ ಹೆಸರು ನೋಂದಾಯಿಸಿ ತಮ್ಮ ಭಾಗದ ಮೆಸೇಜ್ ತರಿಸಿಕೊಳ್ಳಬಹುದು. ಇದು ನಮ್ಮ ಓದುಗರೊಳಗ ಬಹಳ ಜನರಿಗೆ ಗೊತ್ತಿಲ್ಲ.

ಒಳ್ಳೇ ವ್ಯವಸ್ಥೆ, ಎರಡು ಮಾತಿಲ್ಲ. ಆದ್ರ ಅದರ ಟೈಮ್ ಟೇಬಲ್ ನೋಡ್ರಿ. ವಿಐಐಆರ್‌ಎಸ್ ಹೊತ್ತ ಸ್ಯಾಟಲೈಟ್‌ಗಳು ನಮ್ಮ ನೆತ್ತಿ ಮೇಲೆ ದಾಟೋದು ಸುಮಾರು ಮಧ್ಯಾಹ್ನ ಒಂದೂವರೆಗೆ, ಮತ್ತ ರಾತ್ರಿ ಒಂದೂವರೆಗೆ. ಬಂಡೀಪುರದಂಥ ಕಾಡಿನ್ಯಾಗ ದಿನಗಟ್ಟಲೆ ಉರಿಯೋ ಬೆಂಕಿ ಇದಕ್ಕೆ ಸಿಕ್ಕೇ ಸಿಗ್ತದ. ನಮ್ಮ ಗುಡ್ಡದ್ದು ಕರಡದ ಬೆಂಕಿ. ದಪ್ಪ ಕಟ್ಟಿಗೆ ಇಲ್ಲ, ಜಾಲಿ, ಕಂಟಿ, ಹುಲ್ಲು ಅಷ್ಟೇ. ಸಂಜೆ ನಾಲ್ಕಕ್ಕೆ ಹತ್ತಿದ್ರ ಏಳು, ಎಂಟಕ್ಕೆ ಗುಡ್ಡ ದಾಟಿ ಆರಿಹೋಗಿರ್ತದ. ಮಧ್ಯಾಹ್ನದ ಸ್ಯಾಟಲೈಟ್ ಹೋದ ಮೇಲೆ ಹತ್ತಿ, ರಾತ್ರಿಯದ್ದು ಬರೋದಕ್ಕೆ ಮೊದಲೇ ಮುಗಿದ ಬೆಂಕಿ ಅದರ ಲೆಕ್ಕಕ್ಕೇ ಬರಂಗಿಲ್ಲ. ಭೂಮಿ ಜೊತೆಗೇ ತಿರುಗೋ ನಮ್ಮ ಇನ್ಸಾಟ್ ಸ್ಯಾಟಲೈಟ್ ಅರ್ಧ ತಾಸಿಗೊಮ್ಮೆ ನೋಡ್ತದ ಖರೆ, ಆದ್ರ ಅದರ ಒಂದು ಚುಕ್ಕಿ 4 ಕಿಲೋಮೀಟರ್. ಸಣ್ಣ ಬೆಂಕಿ ಅದರೊಳಗ ಕರಗಿ ಹೋಗ್ತದ.

ಹಂಗಾಗಿ ನಮ್ಮಂಥ ಹುಲ್ಲಿನ ಗುಡ್ಡದ ಮೇಲೆ, ಮಧ್ಯಾಹ್ನ ಎರಡರಿಂದ ಸಂಜೆ ಏಳರವರೆಗೆ ಒಬ್ಬ ಮನುಷ್ಯನ ಕಣ್ಣು ಮಾಡೋ ಕೆಲಸ ಸ್ಯಾಟಲೈಟ್ ಮಾಡಂಗಿಲ್ಲ. ಮಹಾರಾಷ್ಟ್ರದ ಪೇಂಚ್ ಹುಲಿ ಕಾಡಿನ್ಯಾಗ ಎತ್ತರದ ಜಾಗಕ್ಕೆ ಎಐ ಕ್ಯಾಮೆರಾ ಹಾಕ್ಯಾರ, ಹೊಗೆ ಕಂಡ್ರ ಅದೇ ಸುದ್ದಿ ಮುಟ್ಟಿಸ್ತದ. ನೋಡ್ರಿ, ಎಐ ಬಂದ್ರೂ ಕೂರಿಸಾಕ ಮತ್ತ ಗುಡ್ಡದ ತುದಿನೇ ಬೇಕಾತು.

ಆದ್ರ ನಮ್ಮ ಕಡೆ ಕ್ಯಾಮೆರಾಕ್ಕೂ ಮನುಷ್ಯನಿಗೂ ಒಂದು ತೊಡಕು ಐತಿ. ರವದಿ! ಕಬ್ಬು ಕಟಾವು ಆದ ಮೇಲೆ ಬೈಲಹೊಂಗಲ, ಕಿತ್ತೂರು ಕಡೆ ಹೊಲದಾಗ ರವದಿಗೆ ಬೆಂಕಿ ಇಡೋದು ಮಾಮೂಲಿ. ಅದೂ ಗುಡ್ಡದ ಬೆಂಕಿ ಹತ್ತೋ ದಿನಗಳೊಳಗೇ. ಒಂದು ಸಂಜೆಗೆ ನಾಲ್ಕು ಕಡೆ ಹೊಗೆ ಕಂಡ್ರ ಯಾವುದಕ್ಕೆ ಫೋನ್ ಮಾಡೋದು? ಇದು ಸ್ಥಳೀಯರಿಗೆ ಮಾತ್ರ ತಿಳಿಯೋ ವಿಷಯ. ರವದಿ ಹೊಗೆ ಒಂದೇ ಜಾಗದಾಗ ದಪ್ಪಗೆ ಎದ್ದು ಸ್ವಲ್ಪ ಹೊತ್ತಿಗೆ ತೆಳ್ಳಗಾಗ್ತದ. ಗುಡ್ಡದ ಹೊಗೆ ಬುಡ ಅಗಲಿಸ್ತಾ ಹೋಗ್ತದ, ಏರಿನ ಕಡೆ ಸರೀತದ. ಇಟ್ಟಂಗಿ ಭಟ್ಟಿ ದಿನಾ ಅಲ್ಲೇ ಇರ್ತದ. ಅಮೆರಿಕದ ಕಾವಲುಗಾರರಿಗೂ ಇದೇ ತಲೆನೋವು. ಮಳೆ ಬಂದು ಹೋದ ಮೇಲೆ ಕೊಳ್ಳದಿಂದ ಏಳೋ ಮಂಜಿನ ಎಳೆ ಥೇಟ್ ಹೊಗೆ ಹಂಗೇ ಕಾಣ್ತದ. ಅದಕ್ಕೆ ಅವರು ನೀರುನಾಯಿ ಅಂತ ಅಡ್ಡಹೆಸರು ಇಟ್ಟಾರ. ಹೊಸ ಕಾವಲುಗಾರ ಮೊದಲ ವಾರ ಬರೇ ನೀರುನಾಯಿಗೇ ವೈರ್‌ಲೆಸ್ ಮಾಡ್ತಾನಂತ ಅಲ್ಲಿ ನಗಚಾಟಿಕೆ.

ಸುಟ್ಟರೆ ಏನಾಗ್ತದ?

ಕಂಟಿ ಗುಡ್ಡ ತಾನೇ, ಸುಟ್ಟರೆ ಏನು ಮಹಾ ಅನ್ನೋರು ಅದಾರ. ಮೊದಲ ಪೆಟ್ಟು ಕುರಿ, ದನ ಸಾಕಿದವರಿಗೆ. ಬೇಸಿಗೆಗೆ ಒಣ ಕರಡಾನೇ ಗುಡ್ಡದಂಚಿನ ಹಳ್ಳಿಗೆ ಮೇವು. ಮಾರ್ಚ್‌ನಾಗ ಸುಟ್ಟರೆ ಮಳೆ ಬರೋವರೆಗೆ ಎರಡು, ಮೂರು ತಿಂಗಳು ಹುಲ್ಲಿಲ್ಲ. ಹೊಟ್ಟು ಕೊಂಡು ಹಾಕಬೇಕು, ಇಲ್ಲಾ ಕುರಿ ಹೊಡ್ಕೊಂಡು ಊರು ಬಿಡಬೇಕು.

ಎರಡನೇದು ಗುಡ್ಡದೊಳಗಿನ ಜೀವ. ರಾಮದುರ್ಗ, ಸವದತ್ತಿ ಕಡೆಯಂಥ ಕುರುಚಲು ಗುಡ್ಡ ತೋಳಕ್ಕೆ, ನರಿಗೆ, ನವಿಲಿಗೆ ಮನಿ. ನವಿಲುತೀರ್ಥ ಅನ್ನೋ ಹೆಸರು ಸುಮ್ಮನೆ ಬಂದಿಲ್ಲ. ತೋಳ ಮರಿ ಹಾಕೋದು ಹೆಚ್ಚಾಗಿ ಚಳಿಗಾಲದಾಗ. ಬೆಂಕಿ ಕಾಲಕ್ಕೆ ಮರಿ ಇನ್ನೂ ಸಣ್ಣವಿರ್ತಾವ. ನಮ್ಮ ಗುಡ್ಡದಂಥದ್ದೇ ಗದಗಿನ ಕಪ್ಪತಗುಡ್ಡ. 2019ರಲ್ಲಿ ಅದು ವನ್ಯಜೀವಿಧಾಮ ಆತು, ಆದ್ರ ಬೇಸಿಗೆ ಬಂತಂದ್ರ ಕಪ್ಪತಗುಡ್ಡಕ್ಕೆ ಬೆಂಕಿ ಅನ್ನೋ ಸುದ್ದಿ ಇನ್ನೂ ತಪ್ಪಿಲ್ಲ. ಅಲ್ಲಿನ ಔಷಧಿ ಗಿಡಗಳ ಹೆಸರು ರಾಜ್ಯಕ್ಕೇ ಗೊತ್ತು. ನಮ್ಮ ಗುಡ್ಡಕ್ಕೆ ಅಂಥ ಹೆಸರೂ ಇಲ್ಲ, ವನ್ಯಜೀವಿಧಾಮದ ಕಾವಲೂ ಇಲ್ಲ. ಜಿಲ್ಲೆಯಾಗ ಆ ಭಾಗ್ಯ ಖಾನಾಪುರದ ಭೀಮಗಡಕ್ಕೆ ಐತಿ.

ಮೂರನೇದು ನೀರು. ಹುಲ್ಲು ಸುಟ್ಟು ಬೋಳಾದ ಇಳಿಜಾರಿನ ಮೇಲೆ ಮೊದಲ ಮಳೆ ಬಿದ್ರ ಮಣ್ಣು ಹಿಡಿಯೋರಿಲ್ಲ. ನವಿಲುತೀರ್ಥದ ಸುತ್ತಲಿನ ಗುಡ್ಡದ ಮಣ್ಣು ಹರಿದು ಹೋಗೋದು ಬೇರೆಲ್ಲಿಗೆ? ರೇಣುಕಾಸಾಗರಕ್ಕೆ. ಸವದತ್ತಿ, ರಾಮದುರ್ಗದ ಹೊಲಕ್ಕೂ, ಹುಬ್ಬಳ್ಳಿ, ಧಾರವಾಡದ ನಳಕ್ಕೂ ನೀರು ಅಲ್ಲಿಂದಲೇ.

ಯಲ್ಲಮ್ಮನ ಗುಡ್ಡದ ಮಾತೂ ಇಲ್ಲೇ ಹೇಳಿಬಿಡ್ತೀವಿ. ಬನದ ಹುಣ್ಣಿಮಿ, ಭಾರತ ಹುಣ್ಣಿಮಿ ಎರಡೂ ಜಾತ್ರಿ ಬರೋದು ಕರಡ ಒಣಗಿ ನಿಂತಾಗಲೇ. ಲಕ್ಷಗಟ್ಟಲೆ ಜನ ಬರ್ತಾರ, ಚಕ್ಕಡಿ ನಿಲ್ಲಿಸಿ ಮೂರು ಕಲ್ಲಿನ ಒಲಿ ಹೂಡಿ ಹೋಳಿಗೆ ಮಾಡ್ತಾರ. ಒಲಿ ಹಚ್ಚಬ್ಯಾಡ್ರಿ ಅಂತ ಯಾರೂ ಹೇಳಂಗಿಲ್ಲ, ಅದು ಸಂಪ್ರದಾಯ. ಏಳೋ ಮುಂದ ಕೆಂಡದ ಮೇಲೆ ಎರಡು ತಂಬಿಗಿ ನೀರು, ಒಂದು ಬೊಗಸೆ ಮಣ್ಣು ಹಾಕಿದ್ರ ಸಾಕು.

ಪರಸಗಡದ ಮೇಲೋ ಗಡಾದ ಮರಡಿ ಮೇಲೋ ಕಬ್ಬಿಣದ ಟವರ್ ನಿಲ್ಲಿಸ್ರಿ ಅಂತ ನಾವು ಹೇಳ್ತಿಲ್ಲ. ಅವು ಇತಿಹಾಸದ ಜಾಗ, ಅವುಗಳ ಕಲ್ಲು ಒಂದೂ ಅಲುಗಬಾರದು. ಆದ್ರ ನೂರಾರು ವರ್ಷದ ಹಿಂದೆ ದೂರ ನೋಡಾಕ ಯಾವ ಜಾಗ ಸರಿ ಅಂತ ಹಿರಿಯರು ಆರಿಸಿದ್ರೋ, ಆ ಜಾಗದಿಂದ ಇವತ್ತಿಗೂ ದೂರ ಕಾಣ್ತದ. ಜನವರಿಯಿಂದ ಏಪ್ರಿಲ್‌ವರೆಗೆ, ಮಧ್ಯಾಹ್ನದ ಮೇಲೆ, ಗುಡ್ಡದಂಚಿನ ಊರಿನ ಇಬ್ಬರು ಕಾವಲುಗಾರರು, ಒಂದು ದಿಕ್ಸೂಚಿ, ಒಂದು ಮೊಬೈಲ್, ನೆರಳಿಗೊಂದು ತಟ್ಟಿ, ಕುಡಿಯಾಕ ನೀರು. ಇದಕ್ಕೆ ಹೊಸ ಕಟ್ಟಡ ಬೇಕಾಗಿಲ್ಲ. ಅವರ ಕೂಲಿ ತಿಂಗಳಿಗೆ ಸರಿಯಾಗಿ ಬರಬೇಕು, ಅದು ಮಾತ್ರ ಖರೆ.

ನಿಮಗೆ ಹೊಗೆ ಕಂಡ್ರ ಏನು ಮಾಡಬೇಕು?

ಕರ್ನಾಟಕ ಅರಣ್ಯ ಇಲಾಖೆಯ ಸಹಾಯವಾಣಿ 1926. ಊರು, ಹೊಲ, ಬಣವಿ ಹತ್ರ ಬೆಂಕಿ ಬಂದಿದ್ರ 112ಕ್ಕೆ ಅಥವಾ ಅಗ್ನಿಶಾಮಕ ಠಾಣೆಯ 101ಕ್ಕೆ ಮಾಡ್ರಿ. ಹತ್ತಿರದ ವಲಯ ಅರಣ್ಯ ಕಚೇರಿ ನಂಬರ್ ಇದ್ರ ಇನ್ನೂ ಬೇಗ ಆಗ್ತದ, ಈಗಲೇ ಸೇವ್ ಮಾಡಿ ಇಟ್ಕೊಳ್ರಿ. ಮೀಸಲು ಅರಣ್ಯಕ್ಕೆ ಬೆಂಕಿ ಹಚ್ಚೋದು 1963ರ ಕರ್ನಾಟಕ ಅರಣ್ಯ ಕಾಯ್ದೆ ಪ್ರಕಾರ ಅಪರಾಧ. ಆದ್ರ ಸುದ್ದಿ ಕೊಡೋದು ಅಪರಾಧ ಅಲ್ಲ, ಹೆದರಬ್ಯಾಡ್ರಿ.

ಫೋನ್ ಮಾಡಿದಾಗ "ಗುಡ್ಡಕ್ಕ ಬೆಂಕಿ ಬಿದ್ದೈತಿ ಲಗೂನ ಬರ್ರಿ" ಅಂತ ಇಟ್ಟುಬಿಡಬ್ಯಾಡ್ರಿ. ನೀವು ನಿಂತ ಜಾಗ ಯಾವುದು, ಅಲ್ಲಿಂದ ಹೊಗೆ ಯಾವ ದಿಕ್ಕಿಗೆ, ಗುಡ್ಡದ ಯಾವ ಮಗ್ಗಲು, ಹತ್ತಿರದ ಗುಡಿ ಅಥವಾ ಕೆರೆ ಅಥವಾ ಗಾಳಿ ಫ್ಯಾನ್ ಯಾವುದು, ಗಾಳಿ ಯಾವ ಕಡೆ ಬೀಸ್ತೈತಿ ಅನ್ನೋದನ್ನ ಹೇಳ್ರಿ. ಮೊಬೈಲ್‌ನಾಗ ದಿಕ್ಸೂಚಿ ಇರ್ತದ, ಹೊಗೆಗೆ ಎದುರು ಹಿಡಿದ್ರ ಡಿಗ್ರಿ ತೋರಿಸ್ತದ. ಅದನ್ನೂ, ವಾಟ್ಸಾಪ್‌ನಾಗ ನೀವು ನಿಂತ ಲೊಕೇಶನ್‌ನೂ ಕಳಿಸ್ರಿ. ಪಕ್ಕದ ಊರಿನ ಗೆಳೆಯನಿಗೂ ಫೋನ್ ಮಾಡಿ ಅವನಿಗೆ ಎಷ್ಟು ಡಿಗ್ರಿ ಕಾಣ್ತದ ಅಂತ ಕೇಳಿ ಕಳಿಸಿದ್ರ, ಮೇಲೆ ಹೇಳಿದ ಎರಡು ದಾರದ ಲೆಕ್ಕ ಆಫೀಸಿನ್ಯಾಗ ಕೂತವರು ಮಾಡಿಕೊಳ್ತಾರ. ಟೊಂಗೆ ಹಿಡಿದು ಒಬ್ಬರೇ ಗುಡ್ಡ ಹತ್ತಬ್ಯಾಡ್ರಿ. ಹತ್ತಲೇಬೇಕಾದ್ರ ಬೆಂಕಿಯ ಮೇಲ್ಭಾಗಕ್ಕೆ ಹೋಗಬ್ಯಾಡ್ರಿ, ಅದು ಏರಿನ ಕಡೇನೇ ಓಡಿ ಬರ್ತದ.